‘ತರ್ಕ’ದ ಹಿಂದಿನ ನಾಟಕ: ಅಗಾಥಾ ಕ್ರಿಸ್ಟಿಯ ಅನಿರೀಕ್ಷಿತ ಅತಿಥಿ

ಪ್ರಶ್ನೆ: ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ ಮತ್ತು ಹಿಂದಿಯ ‘ಧುಂದ್’ ಎರಡೂ ಅಗಾಥಾ ಕ್ರಿಸ್ಟಿಯ ಒಂದೇ ಕಾದಂಬರಿಯಿಂದ ಬಂದವು ಎಂದು ಕೇಳಿದ್ದೇನೆ. ನಮ್ಮ ಹವ್ಯಾಸಿ ತಂಡಕ್ಕೆ ಆ ಕಥೆಯನ್ನು ಕನ್ನಡದಲ್ಲಿ ರಂಗಕ್ಕೆ ತರುವ ಆಸೆಯಿದೆ. ಕಾದಂಬರಿಯನ್ನು ನಾಟಕವಾಗಿಸಿಕೊಳ್ಳುವುದು ಒಳ್ಳೆಯದೋ, ಸಿನಿಮಾವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಒಳ್ಳೆಯದೋ?

ಉತ್ತರ: ಎರಡೂ ಬೇಡ. ನೀವು ಹೇಳುತ್ತಿರುವ ಕಾದಂಬರಿಯನ್ನು ಕ್ರಿಸ್ಟಿ ಬರೆದೇ ಇಲ್ಲ. ಆ ಕಥೆ ಹುಟ್ಟಿದ್ದೇ ನಾಟಕವಾಗಿ. ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ಎಂಬ ಎರಡು ಅಂಕಗಳ ಆ ಕೃತಿಯನ್ನು ಆಕೆ ನೇರವಾಗಿ ರಂಗಭೂಮಿಗೆಂದೇ ಬರೆದರು. ಬ್ರಿಸ್ಟಲ್ ನಗರದ ಹಿಪ್ಪೊಡ್ರೋಮ್‌ನಲ್ಲಿ ಮೊದಲು ಪ್ರದರ್ಶನಗೊಂಡು, 1958ರ ಆಗಸ್ಟ್ 12ರಂದು ಅದು ಲಂಡನ್ನಿನ ಡಚೆಸ್ ಥಿಯೇಟರಿಗೆ ಬಂದಿತು. ಅಂಗಡಿಗಳಲ್ಲಿ ಅದೇ ಹೆಸರಿನ ಕಾದಂಬರಿ ಸಿಗುತ್ತದೆ, ನಿಜ. ಆದರೆ ಅದು ಕ್ರಿಸ್ಟಿ ತೀರಿಕೊಂಡು ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1999ರಲ್ಲಿ, ಚಾರ್ಲ್ಸ್ ಆಸ್ಬೋರ್ನ್ ಎಂಬ ಲೇಖಕರು ನಾಟಕವನ್ನೇ ಗದ್ಯಕ್ಕೆ ಇಳಿಸಿ ಸಿದ್ಧಪಡಿಸಿದ ಪುಸ್ತಕ. ‘ಬ್ಲ್ಯಾಕ್ ಕಾಫಿ’ ಮತ್ತು ‘ಸ್ಪೈಡರ್ಸ್ ವೆಬ್’ ನಾಟಕಗಳಿಗೂ ಅವರು ಇದನ್ನೇ ಮಾಡಿದ್ದಾರೆ. ಸಂಭಾಷಣೆ ಬಹುಪಾಲು ಮೂಲದ್ದೇ, ರಂಗಸೂಚನೆಗಳು ವಾಕ್ಯಗಳಾಗಿವೆ, ಅಷ್ಟೇ. ಬಸ್ಸಿನಲ್ಲಿ ಓದಲು ಚೆನ್ನಾಗಿದೆ. ಆದರೆ ಅದನ್ನು ಹಿಡಿದು ಮತ್ತೆ ನಾಟಕ ಕಟ್ಟಲು ಹೊರಡುವುದು ಮೊಸರಿನಿಂದ ಹಾಲು ತೆಗೆಯಲು ಹೊರಟಂತೆ. ನಿಮಗೆ ಬೇಕಾದದ್ದು ಸ್ಯಾಮ್ಯುಯೆಲ್ ಫ್ರೆಂಚ್ ಸಂಸ್ಥೆ ಪ್ರಕಟಿಸಿರುವ ಅಭಿನಯ ಪ್ರತಿ.

ಮುಂದಿನ ವಿವರಣೆಗೆ ಕಥೆಯ ಕೊನೆಯ ತಿರುವನ್ನು ಬಿಡಿಸಿ ಹೇಳದೆ ವಿಧಿಯಿಲ್ಲ. ನಾಟಕವನ್ನಾಗಲಿ ಚಿತ್ರಗಳನ್ನಾಗಲಿ ನೋಡದೆ, ನೋಡುವ ಆಸೆಯಿರುವ ಓದುಗರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಈ ನಾಟಕ ಬಂದ ಸಂದರ್ಭವನ್ನು ಮೊದಲು ಗಮನಿಸಿ. 1958ರ ಮೇ ತಿಂಗಳಲ್ಲಿ ಕ್ರಿಸ್ಟಿಯ ‘ವರ್ಡಿಕ್ಟ್’ ಎಂಬ ನಾಟಕ ಲಂಡನ್ನಿನ ಸ್ಟ್ರ್ಯಾಂಡ್ ಥಿಯೇಟರಿನಲ್ಲಿ ನೆಲಕಚ್ಚಿತ್ತು. ಮೊದಲ ದಿನವೇ ಪರದೆ ಕೆಲವು ಕ್ಷಣ ಮೊದಲೇ ಇಳಿದುಬಿಟ್ಟು, ಕೊನೆಯಲ್ಲಿ ನಾಯಕಿ ಮರಳಿ ಬರುವ ದೃಶ್ಯವೇ ಪ್ರೇಕ್ಷಕರಿಗೆ ಕಾಣದೆ, ನಾಟಕದ ಅರ್ಥ ತಲೆಕೆಳಗಾಯಿತು. ಗ್ಯಾಲರಿಯಿಂದ ಕೂಗಾಟ ಎದ್ದಿತು, ಒಂದು ತಿಂಗಳಲ್ಲಿ ಪ್ರದರ್ಶನ ನಿಂತಿತು. ‘ದಿ ಮೌಸ್‌ಟ್ರ್ಯಾಪ್’ ನಾಟಕವನ್ನು 1952ರಿಂದ ನಡೆಸಿಕೊಂಡು ಬಂದಿದ್ದ ನಿರ್ಮಾಪಕ ಪೀಟರ್ ಸಾಂಡರ್ಸ್ ಅವರ ಕೈಗೆ ಕ್ರಿಸ್ಟಿ ಕೆಲವೇ ವಾರಗಳಲ್ಲಿ ಹೊಸ ಹಸ್ತಪ್ರತಿ ಕೊಟ್ಟರು. ಹ್ಯೂಬರ್ಟ್ ಗ್ರೆಗ್ ನಿರ್ದೇಶಿಸಿದರು, ರೆನೆ ಆಶರ್ಸನ್ ನಾಯಕಿ ಲಾರಾ ಆದರು, ನೈಜಲ್ ಸ್ಟಾಕ್ ಆಗಂತುಕನಾದರು. ಆ ನಾಟಕ 604 ಪ್ರದರ್ಶನ ಕಂಡಿತು. ಅವಸರದಲ್ಲಿ ಬರೆದದ್ದು ಎನ್ನುವುದಕ್ಕೆ ಅದರಲ್ಲಿ ಗುರುತುಗಳಿವೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಅದರ ಮೊದಲ ಹದಿನೈದು ನಿಮಿಷಗಳಷ್ಟು ಬಿಗಿಯಾದದ್ದನ್ನು ಕ್ರಿಸ್ಟಿ ರಂಗಕ್ಕಾಗಿ ಇನ್ನೆಲ್ಲೂ ಬರೆದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪರದೆ ಏಳುವಾಗ ರಂಗ ಬಹುತೇಕ ಕತ್ತಲೆ. ಸ್ಥಳ ಸೌತ್ ವೇಲ್ಸಿನ ಕಡಲಂಚಿನ ಒಂದು ಒಂಟಿ ಬಂಗಲೆಯ ಓದುವ ಕೋಣೆ. ನವೆಂಬರ್ ತಿಂಗಳ ಮಂಜಿನ ರಾತ್ರಿ. ದೂರದಲ್ಲಿ ಹಡಗುಗಳನ್ನು ಎಚ್ಚರಿಸುವ ಮಂಜಿನ ಕಹಳೆ ಮೊಳಗುತ್ತಿರುತ್ತದೆ. ಮೈಕೆಲ್ ಸ್ಟಾರ್ಕ್‌ವೆಡರ್ ಎಂಬ ಅಪರಿಚಿತ, ಕಾರು ಹಳ್ಳಕ್ಕೆ ಇಳಿದು ನಿಂತಿದೆ, ಸಹಾಯ ಬೇಕು ಎನ್ನುತ್ತ ತೋಟದ ಕಡೆಯ ಗಾಜಿನ ಬಾಗಿಲಿನಿಂದ ಟಾರ್ಚು ಹಿಡಿದು ಒಳಗೆ ಬರುತ್ತಾನೆ. ಗಾಲಿಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕುಳಿತವನಿಗೆ ಕ್ಷಮೆ ಕೇಳುತ್ತಾನೆ, ತನ್ನ ಪರಿಚಯ ಹೇಳಿಕೊಳ್ಳುತ್ತಾನೆ; ಉತ್ತರವಿಲ್ಲ. ಮುಟ್ಟಿದರೆ ದೇಹ ಜಾರುತ್ತದೆ. ಮನೆಯ ಯಜಮಾನ ರಿಚರ್ಡ್ ವಾರ್ವಿಕ್ ಗುಂಡೇಟಿಗೆ ಸತ್ತಿದ್ದಾನೆ. ದೀಪ ಹಾಕಿದಾಗ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತ ಹೆಂಡತಿ ಲಾರಾ ಕಾಣಿಸುತ್ತಾಳೆ, ಕೇಳಿದ ಕೂಡಲೇ ತಾನೇ ಕೊಂದೆ ಎಂದು ಒಪ್ಪಿಕೊಳ್ಳುತ್ತಾಳೆ. ಪೊಲೀಸರನ್ನು ಕರೆಯಬೇಕಾದ ಅಪರಿಚಿತ ಕರೆಯುವುದಿಲ್ಲ. ಆಕೆಯ ಮಾತು ಕೇಳುತ್ತ ಕುಳಿತುಕೊಳ್ಳುತ್ತಾನೆ, ಆಮೇಲೆ ಅವಳನ್ನು ಉಳಿಸಲು ಒಂದು ಕಟ್ಟುಕಥೆ ಹೆಣೆಯುತ್ತಾನೆ.

ಆ ಕಟ್ಟುಕಥೆಗೆ ಬೇಕಾದ ಸಾಮಗ್ರಿಯನ್ನು ಲಾರಾಳೇ ಕೊಡುತ್ತಾಳೆ. ಎರಡು ವರ್ಷಗಳ ಹಿಂದೆ ರಿಚರ್ಡ್ ಕುಡಿದು ಕಾರು ಓಡಿಸಿ ಒಂದು ಮಗುವನ್ನು ಕೊಂದಿದ್ದ. ಪಕ್ಕದಲ್ಲಿದ್ದ ನರ್ಸಿನ ಸಾಕ್ಷ್ಯದಿಂದ ಪಾರಾಗಿದ್ದ. ಮಗುವಿನ ತಂದೆ ಮ್ಯಾಕ್‌ಗ್ರೆಗರ್ ಸೇಡು ತೀರಿಸಿಕೊಳ್ಳುವುದಾಗಿ ಗುಡುಗಿದ್ದ. ಸರಿ, ಆ ತಂದೆಯೇ ಬಂದು ಕೊಂದ ಎಂದಾಗಲಿ ಎನ್ನುತ್ತಾನೆ ಅಪರಿಚಿತ. ಪತ್ರಿಕೆಯಿಂದ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದ ಚೀಟಿಯೊಂದನ್ನು ಹೆಣದ ಬಳಿ ಇಡುತ್ತಾನೆ. ಪೊಲೀಸರು ಬರುತ್ತಾರೆ, ಮ್ಯಾಕ್‌ಗ್ರೆಗರ್ ಅಲಾಸ್ಕಾದಲ್ಲಿ ಸತ್ತುಹೋದನೆಂಬ ಸುದ್ದಿ ಬಂದಾಗ ಈ ದಾರಿ ಮುಚ್ಚುತ್ತದೆ, ಅನುಮಾನ ಮನೆಯವರ ಮೇಲೆ ಒಬ್ಬರಿಂದೊಬ್ಬರಿಗೆ ತಿರುಗತೊಡಗುತ್ತದೆ. ಲಾರಾ ಕೊಂದವಳಲ್ಲ, ಪ್ರಿಯಕರ ಜೂಲಿಯನ್ ಫರ್ರರ್ ಕೊಂದನೆಂದು ಎಣಿಸಿ ಅವನನ್ನು ಉಳಿಸಲು ಸುಳ್ಳು ಹೇಳಿದವಳು. ಚುನಾವಣೆಗೆ ನಿಂತಿರುವ ಆ ಪ್ರಿಯಕರ, ಅವಳೇ ಕೊಂದಳೆಂದು ನಂಬಿದವನು. ಎಲ್ಲ ಮುಗಿದು, ಬೇರೊಬ್ಬನ ತಲೆಗೆ ಅಪರಾಧ ಕಟ್ಟಿ ಕಡತ ಮುಚ್ಚಿದ ಮೇಲೆ, ಅಪರಿಚಿತ ಲಾರಾಳಿಗೆ ನಿಜ ಹೇಳುತ್ತಾನೆ: ಸತ್ತ ಮಗುವಿನ ತಂದೆ ತಾನೇ. ಹೇಳಿ, ಬಂದ ಬಾಗಿಲಿನಿಂದಲೇ ಮಂಜಿನೊಳಗೆ ಹೋಗಿಬಿಡುತ್ತಾನೆ.

ಇಲ್ಲಿನ ಕುಶಲತೆ ತಿರುವಿನಲ್ಲಿರುವುದಕ್ಕಿಂತ ಹೆಚ್ಚಾಗಿ ಅದನ್ನು ಬಚ್ಚಿಟ್ಟ ಜಾಗದಲ್ಲಿದೆ. ಕೊಲೆಗಾರ ತನ್ನ ನಿಜವಾದ ಹೆಸರನ್ನು, ನಿಜವಾದ ಕಾರಣವನ್ನು, ಮೊದಲ ಅಂಕದಲ್ಲೇ, ಕೊಲೆ ನಡೆದ ಕೋಣೆಯಲ್ಲೇ, ಸುಳ್ಳು ಎಂಬ ಹಣೆಪಟ್ಟಿ ಹಚ್ಚಿ ಮೇಜಿನ ಮೇಲಿಡುತ್ತಾನೆ. ಅವನು ಆ ಸುಳ್ಳನ್ನು ಕಟ್ಟುವುದನ್ನು ನಾವು ಕಣ್ಣಾರೆ ನೋಡಿದ್ದೇವೆ, ಆದ್ದರಿಂದ ಅದು ಸತ್ಯವಿರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ಜೊತೆಗೆ, ನಾವು ಆ ಮನೆಯನ್ನು ಹೊಕ್ಕದ್ದೇ ಅವನ ಹಿಂದೆ. ಹೆಣವನ್ನು ಕಂಡದ್ದು ಅವನ ಟಾರ್ಚಿನ ಬೆಳಕಿನಲ್ಲಿ. ಮನೆಯವರೆಲ್ಲ ಒಂದಲ್ಲ ಒಂದನ್ನು ಮುಚ್ಚಿಡುವಾಗ ಹೊರಗಿನವನಾದ ಅವನೊಬ್ಬನೇ ನಮ್ಮ ಪಕ್ಷ ಎಂದು ಪ್ರೇಕ್ಷಕ ಒಪ್ಪಿಕೊಂಡಿರುತ್ತಾನೆ. ಆ ಒಪ್ಪಂದವನ್ನು ಲೇಖಕಿ ಬಾಯಿಬಿಟ್ಟು ಹೇಳಿಸಿಲ್ಲ, ಹೀಗಾಗಿ ಮೋಸ ಹೋದವನಿಗೆ ದೂರುವ ಅವಕಾಶವೂ ಇಲ್ಲ.

ಎರಡನೆಯ ಸಲ ನೋಡುವಾಗ ಕಾಣುವ ಒಂದು ಕ್ಷಣವನ್ನು ನಿಮ್ಮ ನಟರಿಗೆ ವಿಶೇಷವಾಗಿ ತೋರಿಸಿ. ಸ್ಟಾರ್ಕ್‌ವೆಡರ್ ಬಂದಿರುವುದು ತಾನೇ ಕೊಂದವನ ಹೆಣವನ್ನು ಅಕಸ್ಮಾತ್ ಕಂಡಂತೆ ನಟಿಸಲು. ಅಲ್ಲಿ ನಿಂತ ಹೆಂಗಸು ‘ನಾನೇ ಕೊಂದೆ’ ಎಂದಾಗ ಅವನಿಗೆ ಆಗುವ ಆಶ್ಚರ್ಯ ಅಪ್ಪಟವಾದದ್ದು. ಆದರೆ ಅದು ಪ್ರೇಕ್ಷಕ ಊಹಿಸುವ ಆಶ್ಚರ್ಯವಲ್ಲ. ಮೊದಲ ಬಾರಿ ನೋಡುವವನಿಗೆ ಅದು ಕೊಲೆಗಾತಿಯನ್ನು ಕಂಡ ದಿಗ್ಭ್ರಮೆ, ಎರಡನೆಯ ಬಾರಿಗೆ ಅದೇ ಮೌನ ತನ್ನ ಕೊಲೆಯನ್ನು ಬೇರೊಬ್ಬರು ಎತ್ತಿಕೊಂಡುಹೋಗುತ್ತಿರುವುದನ್ನು ಕಂಡವನ ತಬ್ಬಿಬ್ಬು. ಅಲ್ಲಿಂದ ಮುಂದೆ ಅವನು ಕೇಳುವ ಪ್ರತಿ ಪ್ರಶ್ನೆಗೂ ಎರಡು ಮುಖ. ಇವಳು ಯಾರನ್ನು ಕಾಪಾಡುತ್ತಿದ್ದಾಳೆ ಎಂದು ತಿಳಿಯುವುದು ಅವನಿಗೆ ಕುತೂಹಲವಷ್ಟೇ ಅಲ್ಲ, ಪ್ರಾಣದ ಪ್ರಶ್ನೆ. ಇದನ್ನು ನಟ ಮುಖದಲ್ಲಿ ತೋರಿಸಿಬಿಟ್ಟರೆ ನಾಟಕ ಅಲ್ಲಿಗೇ ಮುಗಿಯಿತು. ತೋರಿಸದೆ, ಆದರೆ ಎರಡನೆಯ ಓದಿಗೆ ಒದಗುವಂತೆ ಆಡಬೇಕು. ಈ ಪಾತ್ರಕ್ಕೆ ನಿಮ್ಮ ತಂಡದ ಅತ್ಯಂತ ಸಂಯಮದ ನಟರನ್ನು ಆರಿಸಿ, ಅತ್ಯಂತ ಜೋರಾದವರನ್ನಲ್ಲ.

1958ರ ಲಂಡನ್ ಪ್ರೇಕ್ಷಕನಿಗೆ ಲಾರಾಳ ಚಿತ್ರ ಎಷ್ಟು ಭಯಂಕರವಾಗಿತ್ತು ಎಂಬುದು ನಮಗೆ ಈಗ ತಟ್ಟನೆ ಹೊಳೆಯದು. ತನ್ನನ್ನು ಹಿಂಸಿಸುತ್ತಿದ್ದ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ರೂತ್ ಎಲಿಸ್ ಎಂಬಾಕೆಯನ್ನು 1955ರ ಜುಲೈ 13ರಂದು ಹಾಲೊವೇ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಗಿತ್ತು. ಬ್ರಿಟನ್ನಿನಲ್ಲಿ ಗಲ್ಲಿಗೇರಿದ ಕೊನೆಯ ಹೆಣ್ಣು ಆಕೆ. 1957ರ ನರಹತ್ಯೆ ಕಾಯಿದೆ ಬಹಳಷ್ಟು ಕೊಲೆಗಳನ್ನು ಗಲ್ಲಿನಿಂದ ಹೊರಗಿಟ್ಟಿತು, ಆದರೆ ಗುಂಡಿಕ್ಕಿ ಕೊಲ್ಲುವುದನ್ನು ಹೊರಗಿಡಲಿಲ್ಲ. ಅಂದರೆ ಲಾರಾ ಕೈಯಲ್ಲಿ ಹಿಡಿದಿರುವ ಪಿಸ್ತೂಲು ಆಕೆಯ ಕುತ್ತಿಗೆಗೆ ಹಗ್ಗ. ಅಪರಿಚಿತನೊಬ್ಬ ಪೊಲೀಸರನ್ನು ಕರೆಯದೆ ಅವಳ ಪರವಾಗಿ ಸುಳ್ಳು ಹೇಳಲು ಹೊರಟರೆ ಪ್ರೇಕ್ಷಕ ಏಕೆ ತಕರಾರೆತ್ತಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಈಗ ರೂಪಾಂತರಗಳ ವಿಷಯ. 1973ರ ‘ಧುಂದ್’ ಬಿ. ಆರ್. ಚೋಪ್ರಾ ಅವರ ನಿರ್ದೇಶನದ್ದು. ನವೀನ್ ನಿಶ್ಚಲ್ ಮಂಜಿನಲ್ಲಿ ಬರುವ ಆಗಂತುಕ, ಜೀನತ್ ಅಮಾನ್ ಹೆಂಡತಿ, ಸಂಜಯ್ ಖಾನ್ ಪ್ರಿಯಕರ, ಡ್ಯಾನಿ ಡೆನ್ಜೋಂಗ್ಪಾ ಗಾಲಿಕುರ್ಚಿಯ ಗಂಡ. ನಾಟಕದಲ್ಲಿ ಗಂಡನ ಪಾತ್ರಕ್ಕೆ ಒಂದು ಮಾತೂ ಇಲ್ಲ, ಅವನು ಪರದೆ ಏಳುವ ಮೊದಲೇ ಸತ್ತಿರುತ್ತಾನೆ. ಚಿತ್ರದಲ್ಲಿ ಅವನು ಹಿನ್ನೋಟಗಳಲ್ಲಿ ಬದುಕಿ ಬರುತ್ತಾನೆ, ಮತ್ತು ಡ್ಯಾನಿ ಕುರ್ಚಿಯಲ್ಲಿ ಕುಳಿತು ಊಟದ ತಟ್ಟೆಯನ್ನು ಬೀಸಿ ಎಸೆಯುವ ದೃಶ್ಯವನ್ನು ನೋಡಿದವರು ಕೊಲೆಗಾರ ಯಾರೆಂಬುದನ್ನು ಮರೆತರೂ ಅದನ್ನು ಮರೆಯುವುದಿಲ್ಲ. ಅಶೋಕ್ ಕುಮಾರ್ ವಕೀಲರಾಗಿ ಬರುವ ನ್ಯಾಯಾಲಯದ ಭಾಗವೂ ಸೇರಿಕೊಂಡು, ಒಂದೇ ಕೋಣೆಯ ಕಥೆ ಊರಿನ ಕಥೆಯಾಗುತ್ತದೆ. ರವಿ ಸಂಗೀತ, ಸಾಹಿರ್ ಲುಧಿಯಾನ್ವಿ ಸಾಹಿತ್ಯದ ಹಾಡುಗಳಿವೆ. ಕೆಟ್ಟ ಚಿತ್ರ ಎನ್ನುತ್ತಿಲ್ಲ. ಬೇರೆಯ ಚಿತ್ರ ಎನ್ನುತ್ತಿದ್ದೇನೆ. ‘ಕೊಂದವರು ಯಾರು’ ಎಂಬ ಪ್ರಶ್ನೆಯ ಜಾಗವನ್ನು ಅಲ್ಲಿ ‘ಇಂಥವನ ಜೊತೆ ಬಾಳಿದ್ದು ಹೇಗೆ’ ಎಂಬ ಪ್ರಶ್ನೆ ಆಕ್ರಮಿಸಿಕೊಂಡಿದೆ.

(ಇದೇ ಚೋಪ್ರಾ ಸಂಸ್ಥೆಯಿಂದ 1969ರಲ್ಲಿ ಬಂದ, ಯಶ್ ಚೋಪ್ರಾ ನಿರ್ದೇಶನದ ‘ಇತ್ತೆಫಾಕ್’ ಚಿತ್ರವನ್ನೂ ಹಲವರು ಕ್ರಿಸ್ಟಿಯ ಖಾತೆಗೆ ಜಮಾ ಮಾಡುತ್ತಾರೆ. ಅದರ ಬೇರು ಬೇರೆ: ಮಾಂಟಿ ಡಾಯ್ಲ್ ಬರೆದ ‘ಸೈನ್‌ಪೋಸ್ಟ್ ಟು ಮರ್ಡರ್’ ಎಂಬ ಇನ್ನೊಂದು ಬ್ರಿಟಿಷ್ ನಾಟಕ, ಗುಜರಾತಿ ರಂಗಭೂಮಿಯ ‘ಧುಮ್ಮಸ್’ ದಾರಿಯಾಗಿ ಸಿನಿಮಾಕ್ಕೆ ಬಂದದ್ದು.)

‘ತರ್ಕ’ 1989ರ ಚಿತ್ರ, ದೇಸಾಯಿಯವರ ಮೊದಲ ನಿರ್ದೇಶನ. ಶಂಕರ್ ನಾಗ್, ವನಿತಾ ವಾಸು, ದೇವರಾಜ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಹಾಡಿಲ್ಲದ ಕನ್ನಡ ಚಿತ್ರವನ್ನು ಆ ಕಾಲದಲ್ಲಿ ಮಾರುಕಟ್ಟೆಗೆ ಬಿಡುವುದು ಸಣ್ಣ ಧೈರ್ಯವಲ್ಲ, ಮತ್ತು ಆ ಧೈರ್ಯವೇ ಚಿತ್ರವನ್ನು ರಂಗಮೂಲದ ಬಿಗಿಗೆ ‘ಧುಂದ್’ಗಿಂತ ಹತ್ತಿರ ತಂದಿತು ಎಂದು ನನಗನ್ನಿಸುತ್ತದೆ: ಅನುಮಾನ ಒಮ್ಮೆ ಹತ್ತಿಕೊಂಡರೆ ಅದನ್ನು ಆರಿಸಲು ನಡುವೆ ಯಾವ ಪಲ್ಲವಿಯೂ ಬರುವುದಿಲ್ಲ. ಆದರೆ ಕಥೆಯ ಎಳೆಗಳನ್ನು ದೇಸಾಯಿ ತಮಗೆ ಬೇಕಾದಂತೆ ಬಿಡಿಸಿ ಮತ್ತೆ ನೇಯ್ದಿದ್ದಾರೆ, ಇದನ್ನು ಅನುವಾದ ಎನ್ನುವುದಕ್ಕಿಂತ ಸಡಿಲವಾದ ಆಧಾರ ಎನ್ನುವುದೇ ಸರಿ. ಇಲ್ಲೂ ಕ್ರೂರ ಗಂಡ ಜೀವಂತವಾಗಿ ಪರದೆಯ ಮೇಲೆ ಬರುತ್ತಾನೆ. 1990ರಲ್ಲಿ ಕೆ. ಎಸ್. ರವಿಕುಮಾರ್ ಇದನ್ನು ತಮಿಳಿನಲ್ಲಿ ‘ಪುರಿಯಾದ ಪುದಿರ್’ ಎಂದು ತಮ್ಮ ಮೊದಲ ಚಿತ್ರವಾಗಿ ಮಾಡಿದಾಗ, ಸಂಶಯಪಿಶಾಚಿ ಗಂಡನಾದ ರಘುವರನ್ ಎರಡೇ ಇಂಗ್ಲಿಷ್ ಪದಗಳನ್ನು, ‘ಐ ನೋ’ ಎಂಬುದನ್ನು, ಬಗೆಬಗೆಯ ಧಾಟಿಯಲ್ಲಿ ಹೇಳುತ್ತ ಹೋಗುವ ದೃಶ್ಯ ಇಡೀ ಚಿತ್ರಕ್ಕಿಂತ ಹೆಸರಾಯಿತು. ಮೂರು ಭಾಷೆಗಳ ಮೂರು ಚಿತ್ರಗಳಲ್ಲೂ ಮೂಲದ ಮೂಕ ಹೆಣವೇ ಅತ್ಯಂತ ವಾಚಾಳಿ ಪಾತ್ರವಾಗಿ ಬೆಳೆದದ್ದು ಆಕಸ್ಮಿಕವಲ್ಲ. ಕ್ಯಾಮೆರಾಕ್ಕೆ ಹಿಂದಕ್ಕೆ ಹೋಗಿ ತೋರಿಸುವ ಶಕ್ತಿಯಿದೆ, ನಮ್ಮ ಸಿನಿಮಾ ಆ ಶಕ್ತಿಯನ್ನು ಬಳಸದೆ ಬಿಡುವುದಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇಲ್ಲಿದೆ. ಚಿತ್ರವನ್ನು ಆಧಾರವಾಗಿಟ್ಟುಕೊಂಡರೆ ನೀವೂ ಗಂಡನನ್ನು ಬದುಕಿಸಬೇಕಾಗುತ್ತದೆ, ರಂಗದ ಮೇಲೆ ಹಿನ್ನೋಟಕ್ಕೆಂದು ದೀಪ ಆರಿಸಿ ಹಚ್ಚಿ ಮಾಡಬೇಕಾಗುತ್ತದೆ, ನಾಟಕಕ್ಕೆ ಮಾತ್ರ ಸಾಧ್ಯವಾದ ಒಂದು ಸುಖ ಕೈತಪ್ಪುತ್ತದೆ. ಮೂಲದಲ್ಲಿ ರಿಚರ್ಡ್ ವಾರ್ವಿಕ್ ಎಂಬ ಮನುಷ್ಯ ಪೂರ್ತಿಯಾಗಿ ಇತರರ ಬಾಯಲ್ಲಿ ಮೂಡುತ್ತಾನೆ. ಬೇಟೆಗಾರನಾಗಿದ್ದವನು, ಸಿಂಹದ ದಾಳಿಗೆ ಕಾಲು ಕಳೆದುಕೊಂಡ. ಆಮೇಲೆ ರಾತ್ರಿ ಕಿಟಕಿಯ ಬಳಿ ಕುಳಿತು ಬೆಕ್ಕು, ಮೊಲ, ಹಕ್ಕಿ ಎನ್ನದೆ ಗುಂಡು ಹಾರಿಸತೊಡಗಿದ. ಚರ್ಚಿನ ಉತ್ಸವಕ್ಕೆ ಚಂದಾ ಎತ್ತಲು ಬಂದ ಹೆಂಗಸೊಬ್ಬಳ ಎಡಕ್ಕೂ ಬಲಕ್ಕೂ ಗುಂಡು ಹೊಡೆದು ಅವಳು ಓಡುವುದನ್ನು ನೋಡಿ ನಕ್ಕ. ಇದನ್ನು ಲಾರಾ ಹೇಳುತ್ತಿರುವಾಗ ಆ ಮನುಷ್ಯ ಅಲ್ಲೇ, ಅದೇ ಕುರ್ಚಿಯಲ್ಲಿ, ತುಟಿ ಪಿಟಕ್ಕೆನ್ನದೆ ಕುಳಿತಿರುತ್ತಾನೆ. ಮಾತಿನ ಮನುಷ್ಯನನ್ನೂ ಎದುರಿಗಿರುವ ದೇಹವನ್ನೂ ಪ್ರೇಕ್ಷಕ ತಾನೇ ಜೋಡಿಸಿಕೊಳ್ಳಬೇಕು. ಹೆತ್ತ ತಾಯಿ ಕೂಡ ಅವನ ಪರವಾಗಿ ಹೆಚ್ಚೇನೂ ಹೇಳುವುದಿಲ್ಲ ಎಂಬಲ್ಲಿಗೆ ಚಿತ್ರ ಪೂರ್ಣವಾಗುತ್ತದೆ. ಯಾವ ನಟನೂ ಎಸೆಯುವ ತಟ್ಟೆ ಈ ಕೇಳ್ಮಾತಿನಷ್ಟು ದೂರ ಹೋಗಲಾರದು.

ಮೂಲದ ದೋಷಗಳನ್ನೂ ಹೇಳಿಬಿಡುತ್ತೇನೆ. ರಿಚರ್ಡನ ಮಲಸಹೋದರ ಜಾನ್, ಬುದ್ಧಿಮಾಂದ್ಯವಿರುವ ಹತ್ತೊಂಬತ್ತರ ಹುಡುಗ. ಕೊನೆಗೆ ಅಪರಾಧ ಅವನ ತಲೆಗೆ ಬಂದು, ಬಂದೂಕಿನ ಎಳೆದಾಟದಲ್ಲಿ ಅವನು ಸಾಯುತ್ತಾನೆ, ನಾಟಕ ನಿಟ್ಟುಸಿರಿಟ್ಟು ಮುಂದೆ ಹೋಗುತ್ತದೆ. ಕೊಲೆಗಾರ ತನ್ನ ಮಗುವಿಗಾಗಿ ಸೇಡು ತೀರಿಸಿಕೊಂಡದ್ದಕ್ಕೆ ಇನ್ನೊಬ್ಬರ ಮಗು ಬೆಲೆ ತೆತ್ತಿತು ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಅವಸರದ ಗುರುತು ಎಂದೆನಲ್ಲ, ಅದು ಇದೇ. ಜಾನ್‌ನನ್ನು ‘ಹುಚ್ಚ’ನೆಂದು ನಗಿಸಲು ಬಳಸಿದರೆ ಇಂದಿನ ಪ್ರೇಕ್ಷಕ ಕ್ಷಮಿಸುವುದಿಲ್ಲ, ಕ್ಷಮಿಸಬಾರದು ಕೂಡ. ಒಂದೂ ಮಾತು ಸೇರಿಸದೆ, ಕೊನೆಯ ದೃಶ್ಯದಲ್ಲಿ ರಿಚರ್ಡನ ತಾಯಿ ದಾಟಿಹೋಗುವುದನ್ನು ಅಪರಿಚಿತ ನೋಡುವಂತೆ ನಿಲ್ಲಿಸಿದರೂ ಸಾಕು. ಕವಿತೆ ಹೇಳುವ ಸಾರ್ಜೆಂಟ್ ಕಾಡ್ವಾಲಡರ್ ವೇಲ್ಸಿನವರ ಬಗೆಗಿನ ಇಂಗ್ಲಿಷ್ ತಮಾಷೆ. ಕನ್ನಡದಲ್ಲಿ ಅವನಿಗೆ ಕೆಲಸ ಕಡಿಮೆ.

ಹಿನ್ನೆಲೆಯನ್ನು ಕರ್ನಾಟಕಕ್ಕೆ ತರುವುದಾದರೆ ಕೆಲವು ತೊಡಕುಗಳಿವೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಹಳೆಯ ಎಸ್ಟೇಟ್ ಬಂಗಲೆ ಈ ಕಥೆಗೆ ಒಗ್ಗುತ್ತದೆ. ವರಾಂಡಕ್ಕೆ ತೆರೆಯುವ ಗಾಜಿನ ಬಾಗಿಲು, ಮಂಜು, ತಿರುವಿನಲ್ಲಿ ಹಳ್ಳಕ್ಕಿಳಿಯುವ ಕಾರು, ಮನೆಯಲ್ಲೇ ಇರುವ ಬಂದೂಕು, ಎಲ್ಲವೂ ಸಹಜ. ಆದರೆ ಘಟ್ಟದ ಮಂಜಿಗೆ ಕಹಳೆಯಿಲ್ಲ. ನಾಟಕದುದ್ದಕ್ಕೂ ಮೌನವನ್ನು ಅಳೆಯುವ ಆ ದನಿಗೆ ಬದಲಾಗಿ ಇನ್ನೊಂದು ದನಿ ಬೇಕು. ಸುಮ್ಮನೆ ಜೀರುಂಡೆ ಕೂಗಿಸಿದರೆ ಸಾಲದು, ಅದಕ್ಕೆ ಬಿಡುವಿಲ್ಲ. ಇನ್ನೊಂದು, ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಹುಲಿ ಬೇಟೆಗೆ ಹೋಗಿ ಕಾಲು ಕಳೆದುಕೊಂಡವನು ಮನೆಯಲ್ಲಿ ರಾಜಾರೋಷವಾಗಿ ಕುಳಿತಿರುವಂತಿಲ್ಲ. ಹಾಗಾಗಿ ಕಾಲವನ್ನು ಅರವತ್ತರ ದಶಕಕ್ಕಿಂತ ಈಚೆಗೆ ತರಬೇಡಿ. ಮೊಬೈಲ್ ಫೋನಿನ ತಲೆನೋವೂ ಅದರಿಂದಲೇ ತಪ್ಪುತ್ತದೆ. ಅಪರಿಚಿತ ಮಂಜಿನಲ್ಲಿ ಹೋಗಿಬಿಡುವ ಕೊನೆಯನ್ನು ಮಾತ್ರ ‘ಕಾನೂನಿನ ಕೈ ಉದ್ದ’ ಎಂದು ತಿದ್ದಲು ಹೋಗಬೇಡಿ. ಅವನನ್ನು ಹಿಡಿದುಕೊಟ್ಟರೆ ಲಾರಾಳ ಕೈಯಲ್ಲಿ ಆ ಸತ್ಯ ಉಳಿಯುವುದಿಲ್ಲ, ಅವಳು ಅದನ್ನೇನು ಮಾಡುತ್ತಾಳೆ ಎಂಬುದೇ ನಾಟಕ ನಮಗೆ ಬಿಟ್ಟುಹೋಗುವ ಪ್ರಶ್ನೆ.

ಹಕ್ಕುಗಳ ಬಗ್ಗೆ. ಕ್ರಿಸ್ಟಿ ತೀರಿಕೊಂಡದ್ದು 1976ರ ಜನವರಿ 12ರಂದು. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಕೃತಿಸ್ವಾಮ್ಯ ಇರುವುದರಿಂದ ಈ ನಾಟಕ 2036ರ ಕೊನೆಯವರೆಗೆ, ಬ್ರಿಟನ್ನಿನ 70 ವರ್ಷಗಳ ಲೆಕ್ಕದಲ್ಲಿ 2046ರ ಕೊನೆಯವರೆಗೆ, ರಕ್ಷಣೆಯಲ್ಲಿರುತ್ತದೆ. ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹವ್ಯಾಸಿ ತಂಡಗಳು ಹಣ ಪಡೆಯದೆ ಆಡುವ ಪ್ರದರ್ಶನಕ್ಕೆ ಒಂದು ವಿನಾಯಿತಿ ಇದೆ, ಅದನ್ನು ನಂಬಿಕೊಂಡು ಹಲವು ತಂಡಗಳು ಧೈರ್ಯ ಮಾಡುತ್ತವೆ. ಆದರೆ ಆ ವಿನಾಯಿತಿ ಪ್ರದರ್ಶನಕ್ಕೆ ಸಂಬಂಧಿಸಿದ್ದು. ಭಾಷಾಂತರ ಮತ್ತು ರೂಪಾಂತರ ಬೇರೆಯೇ ಹಕ್ಕುಗಳು, ಟಿಕೆಟ್ ಇಟ್ಟರೆ ಆ ವಿನಾಯಿತಿಯೂ ಇಲ್ಲ. ಸ್ಯಾಮ್ಯುಯೆಲ್ ಫ್ರೆಂಚ್ ಈಗ ಕಾನ್ಕಾರ್ಡ್ ಥಿಯಾಟ್ರಿಕಲ್ಸ್ ಸಂಸ್ಥೆಯ ಭಾಗವಾಗಿದೆ. ಅಭಿನಯ ಪ್ರತಿಯನ್ನು ತರಿಸಿಕೊಳ್ಳುವಾಗಲೇ, ಅನುವಾದಕ್ಕೆ ಕೈಹಾಕುವ ಮೊದಲೇ, ಕನ್ನಡ ಭಾಷಾಂತರ, ಸ್ಥಳ ಬದಲಾವಣೆ, ಪ್ರದರ್ಶನಗಳ ಸಂಖ್ಯೆ ಇಷ್ಟನ್ನೂ ಸ್ಪಷ್ಟವಾಗಿ ಬರೆದು ಅನುಮತಿ ಕೇಳಿ. ‘ತರ್ಕ’ದ ಸಂಭಾಷಣೆಯಿಂದ ಒಂದು ಸಾಲನ್ನಾದರೂ ಎತ್ತಿಕೊಳ್ಳುವುದಾದರೆ ಆ ಚಿತ್ರದ ಹಕ್ಕುದಾರರ ಒಪ್ಪಿಗೆ ಪ್ರತ್ಯೇಕವಾಗಿ ಬೇಕಾಗುತ್ತದೆ.